ಹಾಸುಬಯಲಿನ ಎರಡು ಕಲ್ಲುಗಳು

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಅರ್ಧಕ್ಕೆ ಬಂದಿತ್ತು. ಬಿಡು ಎಂದವರು ಯಾರೂ ಇಲ್ಲ, ಯಾಕೆ ಬಿಟ್ಟೆ ಎಂದು ಕೇಳಿದವರೂ ಇಲ್ಲ. ಅಪ್ಪನ ಮೊಣಕಾಲು ಹಿಡಿದುಕೊಂಡಿದ್ದವು. ಮಗ್ಗದ ಕುಣಿಗೆ ಇಳಿದರೆ ಮತ್ತೆ ಮೇಲೇಳಲು ಇಬ್ಬರು ರಟ್ಟೆ ಹಿಡಿಯಬೇಕಾಗಿತ್ತು. ಮನೆಗೆ ಇನ್ನೆರಡು ಕೈ ಬೇಕಾಗಿದ್ದವು. ದೀಪಾವಳಿ ಸೂಟಿ ಮುಗಿದ ದಿನ ನಾನು ಪಾಟಿಚೀಲ ಗೂಟದಿಂದ ಇಳಿಸಲಿಲ್ಲ, ಅಷ್ಟೇ.

ಅಕ್ಕ ನಾಲ್ಕನೆಯದಕ್ಕೇ ಬಿಟ್ಟಿದ್ದಳು. ಆ ಮುಂಜಾನೆ ಇನ್ನೂ ನಸುಕಿರುವಾಗಲೇ ನನ್ನ ಚಾದರ ಎಳೆದು, "ಏಳೋ ತಮ್ಮಾ, ಇವತ್ತಿಂದ ನಿನ್ನ ಸಾಲಿ ಬಯಲಾಗ" ಎಂದಳು. ಹಾಸುಬಯಲಿಗೆ ಕರೆದುಕೊಂಡು ಹೋದಳು.

ಹಾಸುಬಯಲು ಎಂದರೆ ಬನಹಟ್ಟಿಯ ನಮ್ಮ ಓಣಿಯ ಹಿಂದೆ, ರಬಕವಿಯ ಕಡೆಗೆ ನೇರವಾಗಿ ಚಾಚಿಕೊಂಡಿದ್ದ ಉದ್ದನೆಯ ನೆಲ. ಒಂದು ಬದಿಗೆ ಮನೆಗಳ ಹಿತ್ತಲಗೋಡೆ, ಇನ್ನೊಂದು ಬದಿಗೆ ಹಳ್ಳ. ಆ ತುದಿಗೊಂದು ಈ ತುದಿಗೊಂದು ಸೊಂಟದೆತ್ತರದ ಕಲ್ಲು. ಸೀರೆಗೆ ಬೇಕಾದ ಉದ್ದೆಳೆಗಳನ್ನೆಲ್ಲ, ಅದನ್ನೇ ಹಾಸು ಎನ್ನುವುದು, ಆ ಎರಡು ಕಲ್ಲುಗಳ ನಡುವೆ ಬಿಗಿದು, ನಡುನಡುವೆ ಬಿದಿರುಕೋಲುಗಳ ಮೇಲೆ ಆನಿಸಿ, ಜೋಳದ ಹಿಟ್ಟಿನ ತೆಳು ಗಂಜಿ ಹಚ್ಚುತ್ತಿದ್ದರು. ಇಬ್ಬಿಬ್ಬರು ಎದುರುಬದುರಾಗಿ ದೊಡ್ಡ ಕುಂಚ ಹಿಡಿದು ಎಳೆಯುತ್ತ ನಡೆಯಬೇಕು. ಒಂದು ಎಳೆ ಇನ್ನೊಂದಕ್ಕೆ ಅಂಟಬಾರದು. ಎಳೆಬಿಸಿಲಿಗೆ ಅದು ಒಣಗಬೇಕು. ಹೆಚ್ಚು ಬಿಸಿಲಾದರೆ ಕಡ್ಡಿಯಾಗುತ್ತದೆ, ಹಸಿಯಿದ್ದಾಗ ಸುತ್ತಿದರೆ ಮುದ್ದೆಯಾಗುತ್ತದೆ. ಒಣಗಿದ ಮೇಲೆ ಗಂಟು ಬಿಚ್ಚಿ, ಸುತ್ತಿ, ಮಗ್ಗಕ್ಕೆ ಒಯ್ಯುವುದು. ಒಂದು ಹಾಸಿನ ಕೆಲಸಕ್ಕೆ ಒಂದು ಮನೆಯ ಕೈ ಸಾಲುತ್ತಿರಲಿಲ್ಲ. ಇವತ್ತು ನಮ್ಮದಕ್ಕೆ ನೀವು, ನಾಳೆ ನಿಮ್ಮದಕ್ಕೆ ನಾವು, ಹೀಗೆ ಓಣಿಯೇ ಕೂಡುತ್ತಿತ್ತು.

ನನ್ನ ಮೊದಲ ದಿನವೇ ಹಾಸನ್ನು ಕಲ್ಲಿಗೆ ಕಟ್ಟಿದ ಹಗ್ಗ ಜಾರಿತು. ಎಷ್ಟೋ ತಲೆಮಾರಿನ ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಕೊರಳು ನುಣ್ಣಗಾಗಿತ್ತು. ಅಕ್ಕ ಹಗ್ಗವನ್ನು ನನ್ನ ನಡುವಿಗೆ ಒಂದು ಸುತ್ತು ಹಾಕಿ, ಬೆನ್ನನ್ನು ಕಲ್ಲಿಗೆ ಕೊಡಿಸಿ ಕುಳ್ಳಿರಿಸಿದಳು. "ಒಣಗೂತನಾ ನೀನ ಕಲ್ಲು. ಅಲುಗಾಡಬ್ಯಾಡ" ಎಂದಳು. ನಾನು ಅಲುಗಾಡಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಕಾಲು ಜೋಮು ಹಿಡಿಯಿತು, ಶಾಲೆಯ ಗಂಟೆ ಬಾರಿಸಿದ್ದು ಕೇಳಿಸಿತು. ಮಾಸ್ತರರು ಪಾಟಿಯ ಮೇಲೆ ಪಟ್ಟಿ ಇಟ್ಟು ಎಳೆಸುತ್ತಿದ್ದ ಗೆರೆಗಿಂತ ನೇರವಾದ ಗೆರೆ ನನ್ನ ನಡುವಿನಿಂದ ಹೊರಟು ಆ ತುದಿಯ ಕಲ್ಲಿನ ತನಕ ಬೆಳ್ಳಗೆ ನಿಂತಿತ್ತು. ಅದನ್ನು ಹಿಡಿದವನು ನಾನು ಎಂಬ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಅಲ್ಲಿ ಎರಡು ಕಟ್ಟಳೆಗಳಿದ್ದವು, ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿದ್ದವು. ಒಂದು, ಬಿಗಿದ ಹಾಸನ್ನು ಯಾರೂ ದಾಟಬಾರದು. ಮೇಲಿಂದ ಕಾಲೆತ್ತಿಯೂ ಇಲ್ಲ, ಕೆಳಗಿಂದ ಬಗ್ಗಿಯೂ ಇಲ್ಲ. ಎಷ್ಟೇ ಅವಸರವಿದ್ದರೂ ಕಲ್ಲಿನ ತನಕ ನಡೆದು, ಕಲ್ಲು ಸುತ್ತಿ ಆಚೆ ಹೋಗಬೇಕು. ಟಪಾಲಿನವನು ಸೈಕಲ್ಲಿನಿಂದ ಇಳಿದು ಸುತ್ತುತ್ತಿದ್ದ. ಮದುವೆಯ ದಿಬ್ಬಣ ಬಾಜಾ ಬಜಂತ್ರಿ ಸಮೇತ ಸುತ್ತಿದ್ದನ್ನು ಕಂಡಿದ್ದೇನೆ, ಹೆಣ ಹೊತ್ತವರು ಸುತ್ತಿದ್ದನ್ನೂ ಕಂಡಿದ್ದೇನೆ. ಎರಡನೆಯದು, ಹಾಸಿನ ಹತ್ತಿರ ಕತ್ತರಿ, ಚಾಕು ತರಬಾರದು. ಎಳೆ ಹರಿದರೆ ಬೆರಳಿನಿಂದ ಹೊಸೆದು ಕೂಡಿಸಬೇಕು, ಹೆಚ್ಚಾದದ್ದನ್ನು ಹಲ್ಲಿನಿಂದ ಕಡಿಯಬೇಕು. ಹಾಸು ಕೂಡಿಸುವ ಕೆಲಸ, ಅಲ್ಲಿ ಕತ್ತರಿಸುವುದಕ್ಕೆ ಏನು ಕೆಲಸ ಎನ್ನುವುದು ಹಿರಿಯರ ಲೆಕ್ಕ.

ಆಮೇಲೆ ಪಾವರ್‌ಲೂಮುಗಳು ಬಂದವು. ಗಿರಣಿಯಲ್ಲೇ ಗಂಜಿ ಹಾಕಿದ ಹಾಸು ಸುತ್ತಿಕೊಂಡೇ ಊರಿಗೆ ಇಳಿಯತೊಡಗಿತು. ಹಾಸುಬಯಲಿಗೆ ಹೋಗುವವರು ಕಡಿಮೆಯಾದರು, ಕಡೆಗೆ ಯಾರೂ ಇಲ್ಲ. ನೆಲ ಜಾಲಿಗಂಟಿಯ ಪಾಲಾಯಿತು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ಜಾಗವಾಯಿತು. ನಮ್ಮಪ್ಪ ತೀರಿಕೊಂಡ ಮೇಲೆ ನಾನು ಮಗ್ಗ ಬಿಟ್ಟು ಮನೆ ಕಟ್ಟುವ ಗೌಂಡಿಯ ಕೈಕೆಳಗೆ ಕಲ್ಲು ಹೊರಲು ಹೋದೆ. ಹೊತ್ತೆ, ಕಲಿತೆ, ನಾನೇ ಗೌಂಡಿಯಾದೆ. ಜಮಖಂಡಿಯಲ್ಲಿ ಮಾಳಿಗೆ ಮನೆಗಳನ್ನು ಕಟ್ಟಿದ್ದೇನೆ. ಬೀಳಗಿ ಕಡೆ ಹೊಳೆಗೆ ಮನೆ ಕಳೆದುಕೊಂಡು ಬಂದವರಿಗೆ ಹೊಸ ಊರಿನಲ್ಲಿ ಗೋಡೆ ಎಬ್ಬಿಸಿದ್ದೇನೆ. ತೇರದಾಳದಲ್ಲಿ ನಾನು ಹಾಸಿದ ಫರ್ಶಿಕಲ್ಲಿನ ಅಂಗಳವೊಂದಿದೆ, ಮಳೆ ನಿಂತ ಮೇಲೆ ಹೋಗಿ ನೋಡಬೇಕು: ಅಂಗೈಯಷ್ಟು ನೀರು ಎಲ್ಲೂ ನಿಂತಿರುವುದಿಲ್ಲ. ಓದಿದ್ದರೆ ಏನಾಗುತ್ತಿದ್ದೆ ಎಂದು ನನ್ನನ್ನು ಕೇಳುವವರಿಗೆ ಆ ಅಂಗಳ ತೋರಿಸುತ್ತೇನೆ.

ಅಕ್ಕ ಮಾತ್ರ ಮಗ್ಗ ಬಿಡಲಿಲ್ಲ. ಗಂಡ ಹೋದ ಮೇಲೂ ಬಿಡಲಿಲ್ಲ. ಸುತ್ತಲೂ ಹಗಲಿಡೀ ಪಾವರ್‌ಲೂಮುಗಳು ಖಟಖಟ ಎನ್ನುತ್ತಿರುವಾಗ, ಅವುಗಳ ಸಂದಿಯಲ್ಲಿ ಅವಳ ಲಾಳಿಯ ಸಪ್ಪಳ ಕೇಳಬೇಕೆಂದರೆ ಬಾಗಿಲಿಗೆ ಹೋಗಿ ನಿಲ್ಲಬೇಕು. ನಮ್ಮ ಓಣಿಯಲ್ಲಿ ಉಳಿದ ಒಂದೇ ಕೈಮಗ್ಗ ಅವಳದು. ಅವಳೂ ಗಿರಣಿಯ ಹಾಸನ್ನೇ ತರಿಸುತ್ತಿದ್ದಳು, ಬೇರೆ ದಾರಿಯಿರಲಿಲ್ಲ. ಆದರೆ ಪ್ರತಿ ಸಲ ಅದನ್ನು ಕೈಯಲ್ಲಿ ತಿಕ್ಕಿ ನೋಡಿ ಮುಖ ಸಿಂಡರಿಸುತ್ತಿದ್ದಳು. ಗಿರಣಿ ಹಾಸು ಉಂಡ ಹೊಟ್ಟೆಯ ಹಾಗೆ ಇರುವುದಿಲ್ಲ, ಊದಿದ ಹೊಟ್ಟೆಯ ಹಾಗೆ ಇರುತ್ತದೆ ಎನ್ನುತ್ತಿದ್ದಳು. ಸಾಯುವುದರೊಳಗೆ ಬಯಲಲ್ಲಿ ಬಿಗಿದ ಹಾಸನ್ನು ಇನ್ನೊಮ್ಮೆ ಮಗ್ಗಕ್ಕೆ ಏರಿಸಬೇಕು ಎನ್ನುವುದೊಂದೇ ಅವಳ ಆಸೆ. ಮಕ್ಕಳು ಕಾಶಿಗೆ ಕಳಿಸುತ್ತೇವೆ ಎಂದರೂ ಅವಳಿಗೆ ಇದೇ.

ಮೊನ್ನೆ ಮೊನ್ನೆ, ನಗರಸಭೆಯವರು ಆ ನೆಲದ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ದಾರಿ ಮಾಡಲು ಹೊರಟರು. ಬಹಳ ಉದ್ದದ್ದೇನಲ್ಲ, ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಸೈಕಲ್ ಆ ತುದಿ ಮುಟ್ಟುತ್ತದೆ. ಆದರೆ ಅಷ್ಟರೊಳಗೆ ನಮ್ಮ ಊರಿನ ಕತೆ ಪೂರ್ತಿ ಬಂದುಬಿಡುತ್ತದೆ. ಓಣಿಯ ಹಿಂದೆ ಶುರುವಾಗಿ, ಹಾಸುಬಯಲಿನ ಎರಡು ಕಲ್ಲುಗಳ ನಡುವೆ ಹಾದು, ನೂಲು ತೋಯಿಸಲು ನೀರು ಸೇದುತ್ತಿದ್ದ ಮೆಟ್ಟಿಲುಬಾವಿಯನ್ನು ಬಳಸಿ, ನೂಲಿನ ಗಾಡಿಗಳು ಇಳಿಯುತ್ತಿದ್ದ ಕಟ್ಟೆಯ ಪಕ್ಕದಿಂದ ಹೋಗಿ, ಹಳ್ಳದ ದಂಡೆಯ ಗಡಿಗಲ್ಲಿಗೆ ಮುಗಿಯುತ್ತದೆ. ಮೊದಲು ಆ ಗಡಿಗಲ್ಲಿನ ಆಚೆ ಒಬ್ಬ ರಾಜರ ರಾಜ್ಯ, ಈಚೆ ಇನ್ನೊಬ್ಬ ರಾಜರದು. ರಬಕವಿಯವರು ಬನಹಟ್ಟಿಗೆ ಹೆಣ್ಣು ಕೊಟ್ಟರೆ ಪರರಾಜ್ಯಕ್ಕೆ ಕೊಟ್ಟ ಹಾಗೆ. ಈಗ ಎರಡೂ ಊರಿಗೆ ಒಂದೇ ನಗರಸಭೆ. ಹೀಯಾಳಿಸುವುದು ಮಾತ್ರ ಎರಡು ರಾಜ್ಯದವರ ಹಾಗೇ ನಡೆದಿದೆ.

ಫರ್ಶಿಯ ಕೆಲಸ ನನಗೆ ಬಂತು. ನಾನು ಬೇಡಿ ಪಡೆದದ್ದಲ್ಲ. ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಮೇಡಂ ಮುಧೋಳದವರು, ನಾನು ಅಲ್ಲಿ ಕಟ್ಟಿದ್ದ ಒಂದು ಕಾಂಪೌಂಡ್ ನೋಡಿ ಕರೆಸಿದ್ದರು. ವಯಸ್ಸಿನಲ್ಲಿ ನನ್ನ ಮಗಳಷ್ಟು. ಆದರೆ ನೆಲ ನೋಡುವ ಕಣ್ಣಿತ್ತು, ಕೇಳುವ ಕಿವಿಯಿತ್ತು. ನಕ್ಷೆ ಹಿಡಿದು ಬಂದವರು ಮೊದಲ ವಾರ ನಕ್ಷೆ ತೆರೆಯಲೇ ಇಲ್ಲ. ಓಣಿಯ ಒಂದೊಂದು ಕಟ್ಟೆಗೂ ಕೂತು ಚಹಾ ಕುಡಿದರು. ಎಲ್ಲೆಲ್ಲಿ ಏನೇನಿತ್ತು ಎಂದು ಕೇಳಿ, ಆ ಮಾತುಗಳನ್ನೇ ಚಿಕ್ಕದು ಮಾಡಿ, ಜಮಖಂಡಿಯಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರು. ಆ ಕಲ್ಲುಗಳನ್ನೆಲ್ಲ ನೆಟ್ಟವನು ನಾನು. ಬಾವಿಯ ಹತ್ತಿರದ್ದರ ಮೇಲೆ ಅಕ್ಕ ಹೇಳಿದ ಮಾತು ಅಕ್ಕ ಹೇಳಿದ ಹಾಗೆಯೇ ಇದೆ.

ನಕ್ಷೆಯಲ್ಲಿ ಒಂದು ಅಡ್ಡದಾರಿಯೂ ಇತ್ತು. ಓಣಿಯ ಹೆಣ್ಣುಮಕ್ಕಳು ಬಸ್ ಹಿಡಿಯಲು ಆಚೆ ರಸ್ತೆಗೆ ಹೋಗುತ್ತಾರಲ್ಲ, ಅವರಿಗೆ ಹತ್ತಿರವಾಗಲಿ ಎಂದು ಹಾಸುಬಯಲಿನ ನಟ್ಟನಡುವೆ, ದಾರಿಗೆ ಅಡ್ಡಲಾಗಿ ನಾಲ್ಕು ಹೆಜ್ಜೆಯ ಫರ್ಶಿ. ನಾನೇ ಹಾಕಿದೆ, ಚೆನ್ನಾಗಿಯೇ ಹಾಕಿದೆ. ಒಂದು ತಿಂಗಳಾದರೂ ಅದರ ಮೇಲೆ ಮಣ್ಣಿನ ಗುರುತಿಲ್ಲ. ಹೆಣ್ಣುಮಕ್ಕಳು ಅಡ್ಡದಾರಿಯ ತನಕ ಬಂದು, ಅಲ್ಲಿಂದ ಹೊರಳಿ, ಹಳೆಯ ಕಲ್ಲಿನ ತನಕ ನಡೆದು, ಕಲ್ಲು ಸುತ್ತಿ ಆಚೆ ಹೋಗುತ್ತಿದ್ದರು. ಕಲ್ಲಿನ ಸುತ್ತ ಹುಲ್ಲು ಸತ್ತು ಕಾಲುದಾರಿ ಬಿದ್ದಿತ್ತು. ಮೇಡಂ ಒಂದು ಮುಂಜಾನೆ ನಿಂತು ಇದನ್ನೆಲ್ಲ ನೋಡಿ, ಫರ್ಶಿ ಜಾರುತ್ತದೇನು ಎಂದು ನನ್ನನ್ನು ಕೇಳಿದರು. ನಾನು ಉತ್ತರ ಹೇಳಬೇಕೆಂದು ಸಿಮೆಂಟ್ ಚೀಲ ಇಳಿಸಿದೆ. ಇಳಿಸಿದ ಮೇಲೆ ಗೊತ್ತಾಯಿತು, ದಿನಾ ಆ ಚೀಲ ಹೊತ್ತುಕೊಂಡು ನಾನೂ ಕಲ್ಲು ಸುತ್ತಿಯೇ ಬರುತ್ತಿದ್ದೆ. ನಾನು ಹಾಕಿದ ಅಡ್ಡದಾರಿಯನ್ನು ನಾನೇ ತುಳಿದಿರಲಿಲ್ಲ.

ಅಕ್ಕನನ್ನು ಕೇಳಿದರು. ಅಲ್ಲಿ ಹಾಸು ಇರತೈತಲ್ರೀ ಬಾಯಾರ, ಹೆಂಗ ದಾಟೂದು, ಎಂದಳು ಅಕ್ಕ. ಈಗ ಎಲ್ಲಿದೆ ಹಾಸು ಎಂದರು ಮೇಡಂ.

"ಈಗಿಲ್ಲ ಬಿಡ್ರಿ. ಆದ್ರ ಅದನ್ನ ಕಾಲಿಗೆ ಯಾರು ಹೇಳಬೇಕು?"

ಮೇಡಂ ನಕ್ಕರು. ನಕ್ಕು ಸುಮ್ಮನಾಗಲಿಲ್ಲ. ಮರುದಿನವೇ ಆ ಅಡ್ಡದಾರಿಯ ಫರ್ಶಿ ಎಬ್ಬಿಸಿ, ಕಾಲುಗಳು ತಾವೇ ಮಾಡಿಕೊಂಡಿದ್ದ ದಾರಿಯ ಮೇಲೆ, ಕಲ್ಲಿನ ಸುತ್ತ ಹಾಕಿಸಿದರು. ಹಾಕಿದ್ದನ್ನು ಕಿತ್ತು ಮತ್ತೆ ಹಾಕು ಎಂದರೆ ನನಗೆ ಸಿಟ್ಟು ಬರುತ್ತದೆ. ಆ ದಿನ ಬರಲಿಲ್ಲ.

ಉದ್ಘಾಟನೆ ಹತ್ತಿರ ಬಂತು. ಬಾಗಲಕೋಟೆಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರು ರಿಬ್ಬನ್ ಕತ್ತರಿಸಿ ದಾರಿಯುದ್ದಕ್ಕೂ ನಡೆಯುವುದು, ಅವರ ಹಿಂದೆ ಶಾಲೆಯ ಮಕ್ಕಳು ಸೈಕಲ್ ಮೇಲೆ. ಆ ಹೊತ್ತಿಗೆ ಹಾಸು ಹಾಕಿ ತೋರಿಸುತ್ತೀರಾ ಎಂದು ಮೇಡಂ ಅಕ್ಕನನ್ನು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ದಾರಿಯ ಬದಿಗೆ ನಾಲ್ಕು ಮೊಳದ ತೋರಿಕೆ. ಅಕ್ಕನಿಗೆ ತೋರಿಕೆಯ ಹಾಸು ಎನ್ನುವುದೊಂದು ಇದೆ ಎಂದೇ ಗೊತ್ತಿಲ್ಲ. ಅವಳು ನೂಲು ತರಿಸಿದಳು, ತೋಯಿಸಿದಳು, ಬಣ್ಣ ಹಚ್ಚಿದಳು, ತನ್ನ ಮಗ್ಗಕ್ಕೆ ತಕ್ಕ ಅಳತೆಯ ಪೂರಾ ಹಾಸು ತಯಾರು ಮಾಡಿಕೊಂಡಳು.

ಕೈಗಳನ್ನು ಕೂಡಿಸುವುದೇ ಕಷ್ಟವಾಯಿತು. ಕುಂಚ ಹಿಡಿಯಲು ಬಲ್ಲವರು ಈಗ ಬೆರಳೆಣಿಕೆ. ಓಣಿಯ ಮುದುಕಿಯರು, ಇಬ್ಬರು ಮೂವರು ಗಂಡಸರು, ಮತ್ತೆ ರಬಕವಿಯ ಕಾಕಾ. ಕಾಕಾ ನಮ್ಮಪ್ಪನ ಸರೀಕ, ವಯಸ್ಸು ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ಅಕ್ಕ ಅವರ ಮನೆಗೇ ಹೋಗಿ ಕರೆದಳು. ಬನಹಟ್ಟಿಯ ಹಾಸಿನ ಕೆಲಸಕ್ಕೆ ರಬಕವಿಯ ಕೈ ಬೇಕಾಯಿತೇ ಎಂದು ಕಾಕಾ ಒಂದು ತಾಸು ಹಂಗಿಸಿ, ಆಮೇಲೆ ತಮ್ಮ ಹಳೆಯ ಕುಂಚವನ್ನು ಮಾಳಿಗೆಯಿಂದ ತೆಗೆಸಿದರು. ಈ ಮಂದಿಯನ್ನು ಇನ್ನೊಮ್ಮೆ ಹೀಗೆ ಕೂಡಿಸಲು ಆಗುವುದಿಲ್ಲ ಎನ್ನುವುದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಹಾಸು ಕೆಟ್ಟರೆ ಇನ್ನೊಂದಿಲ್ಲ.

ನನ್ನ ಪಾಲಿನ ಕೆಲಸ ಕಲ್ಲಿನದು. ಹಳೆಯ ಎರಡು ಕಲ್ಲುಗಳಲ್ಲಿ ಆಚೆ ತುದಿಯದು ಗಟಾರು ತೋಡುವಾಗ ಎಂದೋ ಕಾಣೆಯಾಗಿತ್ತು. ಲೋಕಾಪುರದ ಕಡೆಯಿಂದ ಒಂದು ಒಳ್ಳೆಯ ಕಲ್ಲು ತರಿಸಿದೆ, ಹದ ಮಾಡಿದೆ. ಹಳೆಯದು ಎಲ್ಲಿತ್ತು ಎಂದು ಕಾಕಾ ಬಾವಿಯ ಕಂಬಕ್ಕೂ ನಮ್ಮ ಓಣಿಯ ಬೇವಿನ ಮರಕ್ಕೂ ಕಣ್ಣು ಹಾಯಿಸಿ ಕೋಲಿನಿಂದ ತೋರಿಸಿದ ಜಾಗದಲ್ಲೇ ಕಾಂಕ್ರೀಟ್ ಹಾಕಿ ನೆಟ್ಟೆ. ರಸಮಟ್ಟ ಇಟ್ಟು ನಾಲ್ಕೂ ಮಗ್ಗುಲು ನೋಡಿದೆ.

"ನಿಮ್ಮಪ್ಪ ನೇಕಾರ, ನೀ ಗೌಂಡಿ" ಎಂದರು ಕಾಕಾ. "ನಿನ್ನ ಕಲ್ಲು ಎಷ್ಟೊತ್ತು ನಿಲ್ಲತೈತಿ ನೋಡೂನು."

ನನ್ನ ಮೊಮ್ಮಕ್ಕಳ ಕಾಲಕ್ಕೂ ಅಲುಗಾಡುವುದಿಲ್ಲ ಎಂದೆ. ಜಂಬಕ್ಕೆ ಹೇಳಿದ್ದಲ್ಲ, ನಾನು ನೆಟ್ಟದ್ದು ಇಲ್ಲಿಯ ತನಕ ಅಲುಗಾಡಿರಲಿಲ್ಲ.

ಉದ್ಘಾಟನೆಯ ಮುಂಜಾನೆ ಚಳಿಯಿತ್ತು. ಕಬ್ಬಿನ ಗದ್ದೆಗಳ ಮೇಲಿಂದ ಎದ್ದ ಮಂಜು ಹಳ್ಳದಲ್ಲಿ ಕೂತುಬಿಟ್ಟಿತ್ತು. ನಸುಕಿನಲ್ಲೇ ಹಾಸು ಹೊರಗೆ ಬಂತು. ನಾನು ಹಾಸಿದ ಫರ್ಶಿಯ ಮೇಲೆ, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ, ಕುಂಕುಮದ ಬಣ್ಣದ ಹಾಸು ಬಿಚ್ಚಿಕೊಂಡು ನಿಂತಾಗ ಓಣಿಯ ಹಿತ್ತಲ ಬಾಗಿಲುಗಳು ಒಂದೊಂದಾಗಿ ತೆರೆದವು. ಪಾವರ್‌ಲೂಮಿನ ಹುಡುಗರು ಮಷಿನು ನಿಲ್ಲಿಸಿ ಬಂದರು. ಖಟಖಟ ನಿಂತದ್ದರಿಂದ ಹಳ್ಳದ ನೀರಿನ ಸಪ್ಪಳ ಕೇಳಿಸಿತು, ಎಷ್ಟೋ ವರ್ಷದ ಮೇಲೆ. ಗಂಜಿಯ ಹುಳಿವಾಸನೆ ಎದ್ದಿತು. ಮುದುಕಿಯರು ಸೆರಗು ಬಿಗಿದು ಕುಂಚ ಎಳೆಯತೊಡಗಿದರು. ಮನೆಯಲ್ಲಿ ತಂಬಿಗೆ ಎತ್ತಲು ನರಳುವ ಕೈಗಳು ಅಲ್ಲಿ ಒಂದೇ ಅಳತೆಯಲ್ಲಿ ಹೋಗಿ ಒಂದೇ ಅಳತೆಯಲ್ಲಿ ಬರುತ್ತಿದ್ದವು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಅಕ್ಕ ನಡುವೆ ಓಡಾಡುತ್ತ, ಹರಿದ ಎಳೆ ಕಂಡಲ್ಲಿ ಬೆರಳಿನಿಂದ ಹೊಸೆಯುತ್ತಿದ್ದಳು. ಅಷ್ಟು ಚೆಂದದ ಕೆಲಸವನ್ನು ನಾನು ಮತ್ತೆ ನೋಡಿಲ್ಲ.

ಮೇಡಂ ಬಂದವರು ಕಲ್ಲಿನ ಹತ್ತಿರ ನಿಂತುಬಿಟ್ಟರು. ಅವರ ಮುಖ ನೋಡಿದ ಮೇಲೆಯೇ ನಮ್ಮ ತಪ್ಪು ನಮಗೆ ಕಾಣಿಸಿದ್ದು. ರಿಬ್ಬನ್ ಕಟ್ಟುವ ಜಾಗ, ಸಾಹೇಬರು ನಡೆಯುವ ಜಾಗ, ಮಕ್ಕಳ ಸೈಕಲ್ಲು ಹೋಗುವ ಜಾಗ, ಎಲ್ಲದರ ಮೇಲೂ ಹಾಸು. ಒಂದು ಬದಿ ಗೋಡೆ, ಇನ್ನೊಂದು ಬದಿ ಹಳ್ಳ. ಇಷ್ಟು ಜನ ಹಿರಿಯರು ಒಂದು ವಾರ ಕೂತು ಮಾತಾಡಿದ್ದೇವೆ, ಗಂಜಿಗೆ ಹಿಟ್ಟೆಷ್ಟು ಎಂದು ಜಗಳಾಡಿದ್ದೇವೆ, ಇದು ಮಾತ್ರ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮ ಕಣ್ಣಿಗೆ ಹಾಸು ಇದ್ದಲ್ಲಿ ದಾರಿ ಮುಚ್ಚಿದ ಹಾಗೆ ಎಂದೂ ಕಂಡಿಲ್ಲ. ಸುತ್ತಿ ಹೋಗುವುದೇ ದಾರಿ.

ಸಾಹೇಬರು ಹೇಗೆ ಬರಬೇಕು ಎಂದು ಮೇಡಂ ಕೇಳಿದರು. ಕಾಕಾ ಕುಂಚ ನಿಲ್ಲಿಸದೆಯೇ, "ಸುತ್ತ ಹಾಕಿ ಬರ್ತಾರ ತಗೋರಿ. ಅವರಿಗೇನು ಕಾಲಿಲ್ಲೇನು?" ಎಂದರು.

ಸಾಹೇಬರು ಬರುವುದರೊಳಗೆ ಒಣಗುತ್ತದೆ ಎಂದು ನಾವು ಆಗಲೂ ನಂಬಿಕೊಂಡಿದ್ದೆವು. ನಮ್ಮ ನೆನಪಿನಲ್ಲಿದ್ದದ್ದು ಬೇಸಗೆಯ ಹಾಸುಗಳು. ಆ ಮಂಜಿನಲ್ಲಿ ಬಿಸಿಲು ಹಳ್ಳ ದಾಟಿ ಈಚೆಗೆ ಬರಲೊಲ್ಲದು. ಹಸಿ ಹಾಸನ್ನು ಸುತ್ತಿದರೆ ಮುಗಿಯಿತು. ಮೇಡಂ ಸುತ್ತಿರಿ ಎನ್ನಬಹುದಿತ್ತು. ಅವರ ಕೆಲಸದ ಮಾತು, ಅವರ ಮರ್ಯಾದೆಯ ಮಾತು. ಅವರು ಅಕ್ಕನ ಮುಖ ನೋಡಿದರು, ಹಾಸಿನ ಮೇಲೆ ಬೆರಳು ಇಟ್ಟು ನೋಡಿದರು. ಆಮೇಲೆ ಕುರ್ಚಿಗಳನ್ನು ಗಾಡಿಕಟ್ಟೆಯ ಹತ್ತಿರ ಹಾಕಿಸಿ, ಚಹಾ ಇನ್ನೊಂದು ಹಂಡೆ ಇಡಲು ಹೇಳಿದರು.

ಅಷ್ಟರಲ್ಲಿ ನನ್ನ ಕಲ್ಲು ಅಲುಗಾಡಿತು.

ತೊಯ್ದ ನೂಲು ಬಿಗಿಯುತ್ತದೆ, ಬಿಗಿದಷ್ಟೂ ಜಗ್ಗುತ್ತದೆ. ನಾನು ಲೆಕ್ಕ ಹಾಕಿದ್ದು ಒರಗಿ ನಿಲ್ಲುವವರ ಭಾರಕ್ಕೆ, ಈ ಜಗ್ಗುವಿಕೆಗಲ್ಲ. ಕೆಳಗಿನದು ಗಟಾರು ತೋಡಿ ಮುಚ್ಚಿದ ಸಡಿಲು ಮಣ್ಣು. ಕಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಕಲ್ಲು ಹಾಸಿನ ಕಡೆಗೆ ಒಂದಿಷ್ಟು ಬಾಗಿತು. ಹಾಸು ಒಂದು ಬದಿಗೆ ಜೋಲತೊಡಗಿತು. ಹಸಿ ಎಳೆಗಳು ಒಂದಕ್ಕೊಂದು ತಾಗಿದರೆ ಬಿಡಿಸಲು ದೇವರಿಂದಲೂ ಆಗುವುದಿಲ್ಲ. ನಾನು ಓಡಿ ಹೋಗಿ, ಕಲ್ಲಿನ ಮುಂದೆ ಹಾಸಿನ ಕೆಳಗೆ ತೂರಿ ಕೂತು, ಹಾಸಿನ ಕಡೆ ಮುಖ ಮಾಡಿ, ಬೆನ್ನನ್ನು ಕಲ್ಲಿಗೆ ಕೊಟ್ಟು, ಎರಡೂ ಕಾಲನ್ನು ನಾನೇ ಹಾಸಿದ ಫರ್ಶಿಯ ಸಂದಿಗೆ ಒದ್ದು ಹಿಂದಕ್ಕೆ ನೂಕಿದೆ. ಕಲ್ಲು ನೆಟ್ಟಗಾಯಿತು, ಹಾಸು ಮತ್ತೆ ಬಿಗಿಯಿತು. ಅಕ್ಕ ಆ ತುದಿಯಿಂದ ನೋಡಿದಳು. ಕೈಯಿಂದ ಹಾಗೇ ಇರು ಎಂದು ಸನ್ನೆ ಮಾಡಿದಳು. ನಲವತ್ತು ವರ್ಷದ ಹಿಂದೆ ಇದೇ ಬಯಲಿನಲ್ಲಿ ಬಾಯಿಂದ ಹೇಳಿದ್ದೇ ಅದು.

ಸಾಹೇಬರ ಗಾಡಿ ಬಂತು. ಹಾರ, ತುರಾಯಿ, ಒಬ್ಬರ ಹಿಂದೊಬ್ಬರು ಹತ್ತಾರು ಮಂದಿ. ಎಲ್ಲರೂ ಎದ್ದು ನಿಂತರು, ನಾನೊಬ್ಬ ನೆಲದಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಹೊಸ ಟೊಪ್ಪಿಗೆ, ಮೇಲೆ ಗಂಜಿ ಹನಿಯುತ್ತಿದೆ. ನಾನು ಯಾರ ಮುಂದೆಯೂ ಕೂತು ಮಾತಾಡಿದವನಲ್ಲ. ಕೆಲಸ ಕೊಟ್ಟವರು ಬಂದರೆ ಎದ್ದು ನಿಂತು ನಮಸ್ಕಾರ ಮಾಡಿ, ಆಮೇಲೆ ನನ್ನ ಕೆಲಸವನ್ನು ತಲೆಯೆತ್ತಿ ತೋರಿಸುವವನು. ಕೈ ಮುಗಿಯಬೇಕೆಂದರೂ ಕೈಗಳು ನೆಲಕ್ಕೆ ಊರಿದ್ದವು. ಸಾಹೇಬರ ಜೊತೆ ಬಂದವನೊಬ್ಬ ಏಳೋ ಮೇಲೆ ಎಂದು ನನ್ನನ್ನು ಗದರಿಸಿದ. ಸಾಹೇಬರೂ ತಿರುಗಿ ನೋಡಿ, ಇವರು ಯಾರು ಎಂದು ಕೇಳಿದರು.

"ಇವತ್ತೊಂದು ದಿನ ಇಂವ ಕಲ್ಲು ಅದಾನ್ರೀ ಸಾಹೇಬ್ರ" ಎಂದಳು ಅಕ್ಕ. "ಏಳಂಗಿಲ್ಲ."

ಮೇಡಂ ಮುಂದೆ ಬಂದು ಎಲ್ಲವನ್ನೂ ತಿಳಿಸಿದರು. ತಪ್ಪು ತಮ್ಮದೇ ಎಂದರು, ಬೇರೆ ಯಾರ ಮೇಲೂ ಹಾಕಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಅವರ ಜೊತೆಯವರು ಬದಿಯಿಂದ ಒಂದಿಷ್ಟು ಬಗ್ಗಿ ದಾಟಿದರೆ ಆಯಿತಲ್ಲ ಎಂದು ದಾರಿ ತೋರಿಸಹೋದರು. ಕಾಕಾ ತಮ್ಮ ಕೋಲನ್ನು ರೈಲ್ವೆ ಗೇಟಿನ ಹಾಗೆ ಅಡ್ಡ ಹಿಡಿದು ನಿಂತರು. ಅವರ ಹಿಂದೆ ಮುದುಕಿಯರು. ಬೈಗುಳವಿಲ್ಲ, ಗದ್ದಲವಿಲ್ಲ, ಕುಂಚ ಹಿಡಿದು ಸಾಲಾಗಿ ನಿಂತರು. ಸಾಹೇಬರು ಒಂದು ಗಳಿಗೆ ಆ ಕೋಲನ್ನೂ ಹಾಸನ್ನೂ ನೋಡಿದರು. ಆಮೇಲೆ ಬೂಟು ಒದ್ದೆ ಮಾಡಿಕೊಂಡು ಹುಲ್ಲಿನಲ್ಲಿ ಹಳ್ಳದ ಬದಿಗೇ ನಡೆದು, ಕಲ್ಲು ಸುತ್ತಿ, ನನ್ನ ಹಿಂದಿನಿಂದ ಬಂದರು. ಬರುವಾಗ ನನ್ನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೋದರು. ಅವರ ಹಿಂದೆ ಶಾಲೆಯ ಮಕ್ಕಳೆಲ್ಲ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು, ಸಾಲಾಗಿ ಕಲ್ಲು ಸುತ್ತಿದರು.

ಗಾಡಿಕಟ್ಟೆಯ ಮೇಲೆ ಕೂತು ಸಾಹೇಬರು ಚಹಾ ಕುಡಿದರು, ಚುರುಮುರಿ ತಿಂದರು, ಗಡಿಗಲ್ಲಿನ ಕತೆಯನ್ನು ಕಾಕಾನ ಬಾಯಿಂದಲೇ ಕೇಳಿದರು. ರಬಕವಿಯ ಕಡೆ ಬುದ್ಧಿವಂತರು, ಬನಹಟ್ಟಿಯ ಕಡೆ ಉಳಿದವರು, ಅದಕ್ಕೇ ನಡುವೆ ಕಲ್ಲು ಹಾಕಿದ್ದು ಎಂದು ಕಾಕಾ ಹೇಳಿದ್ದು ನನಗೆ ಕೂತಲ್ಲಿಗೇ ಕೇಳಿಸಿತು. ಬಿಸಿಲು ಕೊನೆಗೂ ಹಳ್ಳ ದಾಟಿತು. ಮೊದಲು ನನ್ನ ಕಾಲಿನ ಮೇಲೆ ಬಂತು, ಆಮೇಲೆ ಎದೆಯ ಮೇಲೆ. ತಲೆಯ ಮೇಲಿನ ಹಾಸು ಕುಂಕುಮದ ಬಣ್ಣದಿಂದ ತಿಳಿಯಾಗುತ್ತ ಬಂತು. ಬೆನ್ನು ಕಲ್ಲೇ ಆಗಿಹೋಗಿತ್ತು. ನನ್ನ ಹೆಂಡತಿ ಚಹಾ ತಂದು ಬಾಯಿಗೆ ಹಿಡಿದಳು, ಐವತ್ತು ದಾಟಿದವನಿಗೆ ಇದು ಬೇಕಿತ್ತೇ ಎಂದಳು. ಬೇಕಿತ್ತು ಎಂದೆ.

ಅಕ್ಕ ಹಾಸಿನ ಉದ್ದಕ್ಕೂ ನಡೆದು ಅಂಗೈ ಹೊರಳಿಸಿ ಮುಟ್ಟಿ ನೋಡಿದಳು. ನಡುವೆ ನಿಂತು ಬೆರಳಿನಿಂದ ಮೀಟಿದಳು. ಸಪ್ಪಳ ಬಂತು. ಹಸಿ ಹಾಸು ಮಾತಾಡುವುದಿಲ್ಲ, ಒಣಗಿದ್ದು ಮಾತ್ರ ಮಾತಾಡುತ್ತದೆ.

ಆತು, ಎಂದಳು.

ಯಾರೋ ತಟ್ಟೆಯಲ್ಲಿ ಕತ್ತರಿ ಇಟ್ಟುಕೊಂಡು ಬಂದರು. ಮುದುಕಿಯೊಬ್ಬಳು ಅದರ ಮೇಲೆ ಸೆರಗು ಹಾಕಿ ತಟ್ಟೆಯನ್ನೇ ತಿರುಗಿಸಿ ಕಳಿಸಿದಳು. ಸಾಹೇಬರಿಗೆ ಅಕ್ಕ ಗಂಟು ತೋರಿಸಿದಳು, ನನ್ನ ತಲೆಯ ಮೇಲೆ, ಕಲ್ಲಿನ ಕೊರಳಲ್ಲಿ. ಸಾಹೇಬರು ಬಗ್ಗಿ ಬಿಚ್ಚಲು ನೋಡಿದರು, ಆಗಲಿಲ್ಲ. ಒಣಗಿದ ಗಂಟು ಬಿಚ್ಚುವುದಕ್ಕೂ ಒಂದು ರೀತಿಯಿದೆ. ಅಕ್ಕ ಅವರ ಬೆರಳು ಹಿಡಿದು ಎಲ್ಲಿ ಒತ್ತಬೇಕು ಎಂದು ತೋರಿಸಿದಳು. ಗಂಟು ಬಿಚ್ಚಿತು. ನಮ್ಮ ದಾರಿ ಉದ್ಘಾಟನೆಯಾದದ್ದು ಹೀಗೆ. ಹಾಸು ಸುತ್ತಿಕೊಳ್ಳುತ್ತ ಹೋದ ಹಾಗೆ ಅದರ ಕೆಳಗಿನಿಂದ ನನ್ನ ಫರ್ಶಿ ಹೆಜ್ಜೆ ಹೆಜ್ಜೆಯಾಗಿ ಬಿಸಿಲಿಗೆ ಬಂತು. ಅದರ ಹಿಂದೆಯೇ ಮಕ್ಕಳು ಸೈಕಲ್ ಹತ್ತಿದರು.

ಒಂದು ಎಳೆಯೂ ಅಂಟಿರಲಿಲ್ಲ. ಹಾಸು ಮರುದಿನವೇ ಅಕ್ಕನ ಮಗ್ಗಕ್ಕೆ ಏರಿತು. ನೇಯುವಾಗ ಅವಳು ಮುಖ ಸಿಂಡರಿಸಲಿಲ್ಲ. ಅಷ್ಟನ್ನೇ ನೋಡಲು ನಾನು ದಿನಾ ಸಂಜೆ ಅವಳ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಕಲ್ಲನ್ನು ಮುಂದಿನ ವಾರ ಕಿತ್ತೆ. ಸಡಿಲು ಮಣ್ಣೆಲ್ಲ ತೆಗೆದು, ಗಟ್ಟಿ ನೆಲ ಸಿಗುವ ತನಕ ಇಳಿದು, ಮತ್ತೆ ನೆಟ್ಟೆ. ಕಾಕಾ ಬಂದು ಒದ್ದು ನೋಡಿದರು. "ನಿನಗಿಂತ ಚಲೋ ನಿಂತೈತಿ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ರಬಕವಿಯಿಂದ ಬನಹಟ್ಟಿಗೆ ಬಂದದ್ದು ನನಗೆ ಗೊತ್ತಿಲ್ಲ.

ಈಗ ನಾನು ದಿನಾ ಮುಂಜಾನೆ ಆ ದಾರಿಯಲ್ಲಿ ಸ್ವಂತ ಸೈಕಲ್ ಹೊಡೆಯುತ್ತೇನೆ. ಕಲ್ಲು ಬಂದಾಗ ಇಳಿಯುತ್ತೇನೆ, ಸುತ್ತುತ್ತೇನೆ, ಮತ್ತೆ ಹತ್ತುತ್ತೇನೆ. ಹೊರಗಿನವರು ನೋಡಿ ನಕ್ಕರೆ ನಗಲಿ.

ನನ್ನ ಹತ್ತಿರ ಈಗ ಇರುವುದು ಇಷ್ಟು. ನಾನೇ ಕಟ್ಟಿದ ಒಂದು ಮನೆ. ಒಂದು ಸೈಕಲ್. ಒಂದು ಕಾಂಕ್ರೀಟ್ ಮಷಿನು, ಎರಡು ರಸಮಟ್ಟ. ಹಾಸಿನ ತುದಿಯಲ್ಲಿ ಉಳಿದ ಎಳೆಯಿಂದ ಅಕ್ಕ ನೇದುಕೊಟ್ಟ, ಕುಂಕುಮದ ಬಣ್ಣದ, ಹೆಗಲ ಮೇಲಿನ ವಲ್ಲಿ ಒಂದು. ಹಾಸುಬಯಲಿನಲ್ಲಿ ಎರಡು ಕಲ್ಲು, ಒಂದು ಹಿರಿಯರದು, ಒಂದು ನನ್ನದು.